ಸಂಘದ ರೊಕ್ಕ ಮತ್ತ ನಮ್ಮ ಹಿತ್ತಲ ಶೆಡ್ಡಿನ ಬಾಲ್ ಸ್ಕ್ರೂ

ಸ್ತ್ರೀಶಕ್ತಿ ಸಂಘದಿಂದ ನಾ 50 ಸಾವಿರ ರೂಪಾಯಿ ಸಾಲ ತಗೊಂಡು ಏಳು ತಿಂಗಳಾತು. ಎಮ್ಮಿ ಕಟ್ಟಲಿಲ್ಲ, ಹೊಲಿಗಿ ಮಷಿನ್ ಹೊಸಾದು ತರಲಿಲ್ಲ, ಮಗಳ ಲಗ್ನಾನೂ ಈ ವರ್ಷ ಇಲ್ಲ. ಹಂಗಾರ ರೊಕ್ಕ ಏನ್ ಮಾಡಿದ್ಲು ಈಕಿ ಅಂತ ಎಲ್ಲಾರಿಗೂ ಕುತೂಹಲ ಐತಿ. ಕೆಲವರು ನೇರ ಕೇಳೀರಿ, ಕೆಲವರು ನಮ್ಮ ನೆಗೆಣ್ಣಿ ಕಡೆಯಿಂದ ಕೇಳಿಸೀರಿ. ಕೇಳೋದು ತಪ್ಪಲ್ಲ. ಒಬ್ಬಾಕಿ ಕಂತು ನಿಂತ್ರ ಉಳಿದವರೆಲ್ಲಾ ತುಂಬಬೇಕಾಗ್ತೈತಿ. ಹೇಳ್ತೀನಿ ಕೇಳ್ರಿ: ರೊಕ್ಕ ಮೂರು ಉಕ್ಕಿನ ಸ್ಕ್ರೂ, ಮೂರು ಮೋಟರು, ಒಂದಿಷ್ಟು ವೈರು ಆಗಿ ನಮ್ಮ ಹಿತ್ತಲ ಶೆಡ್ಡಿನ್ಯಾಗ ಕುಂತೈತಿ. ಇಷ್ಟ ಹೇಳಿ ಬಿಟ್ರ ನಿಮಗ ಸಮಾಧಾನ ಆಗೂದಿಲ್ಲ ಅಂತ ನನಗ ಗೊತ್ತು, ಅದಕ್ಕ ಪೂರಾ ಬರೀತೀನಿ.

ರಾಮದುರ್ಗದಾಗ ನೇಕಾರ ಮನಿ ಅಂದ್ರ ಮಗ್ಗದ ಸಪ್ಪಳ. ನಮ್ಮ ಮನ್ಯಾಗೂ ಮಾವಾರ ಕಾಲದಾಗ ಕೈಮಗ್ಗ, ಆಮ್ಯಾಲೆ ನಾಲ್ಕು ಪಾವರ್‌ಲೂಮ್. ನಾ ಲಗ್ನಾಗಿ ಬಂದ ಹೊಸದರಾಗ ಆ ಸಪ್ಪಳಕ್ಕ ರಾತ್ರಿ ನಿದ್ದಿ ಬರ್ತಿರಲಿಲ್ಲ, ನಾಲ್ಕು ವರ್ಷ ಕಳದ ಮ್ಯಾಲೆ ಸಪ್ಪಳ ನಿಂತ್ರ ನಿದ್ದಿ ಬರ್ತಿರಲಿಲ್ಲ. ನಮ್ಮ ಮನಿಯವರಿಗೆ ಅದ ಸಪ್ಪಳ ಕಿವಿ ತಿಂದ್ಹಾಕೈತಿ. ಎಡಗಿವಿ ಪೂರಾ ಹೋಗೇತಿ, ಬಲಗಿವಿಗೆ ಜೋರಾಗಿ ಹೇಳಬೇಕು. 2019ರ ಆಗಸ್ಟದಾಗ ಮಲಪ್ರಭಾ ಹೊಳಿ ಬಂದಿದ್ದು ನಿಮಗ್ಯಾರಿಗೂ ಮರ್ತಿಲ್ಲ. ಮ್ಯಾಲಿಂದ ನವಿಲುತೀರ್ಥದ ನೀರು, ಇಲ್ಲಿ ಬಿಡಲಾರದ ಮಳಿ. ನಮ್ಮ ನಾಲ್ಕೂ ಮಗ್ಗ ನೀರಾಗ ನಿಂತವು. ಎರಡನ್ನ ತಿಕ್ಕಿ ತೊಳದು ಎಣ್ಣಿ ಹಾಕಿ ಎಬ್ಬಿಸಿದ್ರು. ಇನ್ನೆರಡು ಜಂಗು ಹಿಡಿದು ಹಂಗ ನಿಂತಿದ್ವು, ಮನಿಯಾಗ ಹಾಸಿಗಿ ಹಿಡಿದ ಹಿರೇರು ಇದ್ದಂಗ. ಮಾರ್ರಿ ಅನ್ನಾಕೂ ಬಾಯಿ ಬರ್ತಿರಲಿಲ್ಲ, ಇಟ್ಕೊಳ್ರಿ ಅನ್ನಾಕೂ ಬರ್ತಿರಲಿಲ್ಲ.

ನಮ್ಮ ಹುಡುಗ ಡಿಪ್ಲೊಮಾ ಮುಗಿಸಿ ಬೆಳಗಾವಿ ಉದ್ಯಮಬಾಗದಾಗ ಒಂದು ಕಾರ್ಖಾನಿಯೊಳಗ ಸಿಎನ್‌ಸಿ ಮಷಿನ್ ನಡಸ್ತಿದ್ದ. ಉದ್ಯಮಬಾಗ ಅಂದ್ರ ಗೊತ್ತಲ್ಲ, ಓಣಿಗೊಂದು ಫೌಂಡ್ರಿ, ಮನಿಗೊಂದು ಲೇಥು. ಐದು ವರ್ಷ ದುಡದ. ಪಗಾರ ಹೊಟ್ಟಿಗೆ ಬಟ್ಟಿಗೆ ಸರಿ ಹೊಂದ್ತಿತ್ತು, ಅಷ್ಟ. ಜೋಡಿ ಹುಡುಗರು ಪುಣೆ ಚಾಕಣಕ್ಕ ಹೊಂಟ್ರು. ಇವಾ ಸಂಕ್ರಮಣಕ್ಕ ಬಂದಾವ ಹೇಳಿದ, "ಅವ್ವಾ, ಒಂದ ವರ್ಷ ನೋಡ್ತೀನಿ. ಒಂದು ಸಣ್ಣ ಮಿಲ್ಲಿಂಗ್ ಮಷಿನ್ ಹಳೇದು ಸಿಕ್ಕೈತಿ, ಅದಕ್ಕ ನಾನ ಸಿಎನ್‌ಸಿ ಮಾಡ್ತೀನಿ. ಆಗಲಿಲ್ಲ ಅಂದ್ರ ನಾನೂ ಚಾಕಣಕ್ಕ ಹೋಗ್ತೀನಿ." ನಾ ಏನೂ ಅನ್ನಲಿಲ್ಲ. ಚಾಕಣಕ್ಕ ಹ್ವಾದ ಹುಡುಗರು ಗಣಪತಿ ಹಬ್ಬಕ್ಕೊಮ್ಮೆ, ಮನ್ಯಾಗ ಯಾರರ ತೀರಿಕೊಂಡಾಗೊಮ್ಮೆ ಬರ್ತಾರ. ಅದು ಎಲ್ಲಾರೂ ಕಂಡದ್ದ.

ಮಗ್ಗ ಮಾರಿದವರು ನಮ್ಮ ಮನಿಯವರ. ಯಾರೂ ಹೇಳಲಿಲ್ಲ, ಒಂದಿನ ಮುಂಜಾನೆ ಗುಜರಿಯವನ ಕರದು ಎರಡೂ ಮಗ್ಗ ತೂಗಿಸಿಬಿಟ್ರು, ರೊಕ್ಕ ತಂದು ದೇವರ ಜಗಲಿ ಮ್ಯಾಲಿಟ್ರು. ಆದ್ರ ಆ ಮ್ಯಾಲೆ ಶೆಡ್ಡಿನ ಕಡೆ ಕಾಲು ಹಾಕಲಿಲ್ಲ. ಅಪ್ಪ ಮಗಾ ಜಗಳ ಆಡಿದ್ರ ಬಿಡಸಬಹುದಿತ್ತು. ಮಾತ ಇಲ್ಲ. ಇವರಿಗೆ ಕೇಳೂದಿಲ್ಲ, ಅವಾ ಒದರಾಂಗಿಲ್ಲ. ಊಟಕ್ಕ ಕುಂತ್ರ ರೊಟ್ಟಿ ಮುರಿಯೋ ಸಪ್ಪಳ ಒಂದ.

ಮಷಿನ್ ಛೋಟಾ ಹಾತಿಯೊಳಗ ಬೆಳಗಾವಿಯಿಂದ ಬಂತು. ಎತ್ತರ ನಮ್ಮ ತಿಜೂರಿಗಿಂತ ಕಡಿಮಿ, ತೂಕ ಮಾತ್ರ ಎರಡೂವರಿ ಕ್ವಿಂಟಲ್ ಮ್ಯಾಲೆ. ಮಿಲ್ಲಿಂಗ್ ಮಷಿನ್ ಅಂದ್ರ ಮ್ಯಾಲೆ ತಿರಗೋ ಕತ್ತರಿ, ಕೆಳಗ ಸರಿಯೋ ಮೇಜು. ಮೇಜಿಗೆ ಕಬ್ಬಿಣಾ ಕಟ್ಟಿ ಕೈಚಕ್ರ ತಿರುವಿದ್ರ ಮೇಜು ಎಡಕ್ಕ ಬಲಕ್ಕ, ಮುಂದ ಹಿಂದ ಸರೀತೈತಿ, ಕತ್ತರಿ ಕೆತ್ತಕೋತ ಹೋಗ್ತೈತಿ. ಸಿಎನ್‌ಸಿ ಅಂದ್ರ ಆ ಚಕ್ರ ಮನಷ್ಯಾರ ಬದಲಿ ಮೋಟರು ತಿರುವೋದು, ಮೋಟರಿಗೆ ಎಷ್ಟು ತಿರುವಬೇಕು ಅಂತ ಕಂಪ್ಯೂಟರ್ ಹೇಳೋದು. ಇದರ ಮೊದಲಿನ ರೂಪಾನ ಅಮೆರಿಕಾದ ಎಂ.ಐ.ಟಿ.ಯೊಳಗ 1952ರಾಗ ತೋರಿಸಿದ್ರಂತ. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಶುರುವಾಗಿದ್ದು ಅದರ ಮರುವರ್ಷ, 1953. ನಮಗೆಲ್ಲಾ ಎಚ್.ಎಂ.ಟಿ. ಅಂದ್ರ ಲಗ್ನದಾಗ ಅಳ್ಯಾಗ ಕೊಡೋ ಗಡಿಯಾರ. ಅದರ ಮೂಲ ಕಸಬು ಇಂಥಾ ಮಷಿನ್ ಮಾಡೋದು ಅಂತ ನನಗ ಈ ವರ್ಷ ತಿಳೀತು.

ಮೋಟರು ಕಟ್ಟಿದ್ರ ಮುಗೀತಲ್ಲ, ಈ ತುಟ್ಟಿ ಸ್ಕ್ರೂ ಯಾಕ ಅಂತ ನಾನೂ ಕೇಳಿದೆ. ಅವಾ ನನ್ನ ಚಕ್ಕಲಿ ಒತ್ತ ತಗೊಂಡು ಬಂದ. ಹಿತ್ತಾಳಿದು, ಮ್ಯಾಲೆ ಸ್ಕ್ರೂ ಹಿಡಿಕಿ ಇರೋದು. ಎಲ್ಲಾರ ಮನ್ಯಾಗೂ ಐತಿ, ನೀವೂ ಮಾಡಿ ನೋಡ್ರಿ. ಹಿಡಿಕಿ ಒಂದ ಕಡೆ ತಿರುವಿಕೋತ ಹೋಗ್ರಿ, ಒಳಗಿನ ಬಿಲ್ಲಿ ಇಳೀತೈತಿ. ಈಗ ಉಲ್ಟಾ ತಿರುವ್ರಿ. ಮೊದಲ ಸ್ವಲ್ಪ ಹಿಡಿಕಿ ಬರೇ ಸಡ್ಲ ತಿರಗತೈತಿ, ಬಿಲ್ಲಿ ಜಾಗಾ ಬಿಟ್ಟು ಏಳಾಂಗಿಲ್ಲ. ಆ ಸಡ್ಲಕ್ಕ ಇವರು ಬ್ಯಾಕ್‌ಲ್ಯಾಶ್ ಅಂತಾರ. ಹಳೇ ಮಷಿನ್ನಿನ ಸ್ಕ್ರೂದಾಗ ಅದು 0.4 ಮಿಲಿಮೀಟರ್ ಇತ್ತು. ಕೈಲೆ ಮಾಡಾವ ಅದನ್ನ ಮನಸಿನ್ಯಾಗ ಇಟ್ಕೊಂಡು ಯಾವಾಗಲೂ ಒಂದ ಕಡೆಯಿಂದ ಬರ್ತಾನ. ಕಂಪ್ಯೂಟರಿಗೆ ಮೋಟರು ಎಷ್ಟು ತಿರಗಿತು ಅನ್ನೋದಷ್ಟ ಗೊತ್ತು, ಮೇಜು ಖರೇನ ಸರೀತೋ ಇಲ್ಲೋ ಗೊತ್ತಿಲ್ಲ. ದುಂಡನ ತೂತು ಕೊರಿ ಅಂದ್ರ ಮೂಲಿ ಇದ್ದ ತೂತು ಕೊರೀತೈತಿ. ಮ್ಯಾಲೆ ಕತ್ತರಿ ಕೆಲವೊಮ್ಮೆ ಮೇಜನ್ನ ತನ್ನ ಕಡೆ ಜಗ್ಗತೈತಿ, ಆ ಸಡ್ಲಿನ್ಯಾಗ ಮೇಜು ಛಂಗ ಅಂತ ಹಾರಿ ಕತ್ತರಿ ಮುರೀತೈತಿ.

ಬಾಲ್ ಸ್ಕ್ರೂದಾಗ ಸ್ಕ್ರೂ ಮತ್ತ ನಟ್ಟು ಒಂದಕ್ಕೊಂದು ತಿಕ್ಕಾಂಗಿಲ್ಲ. ನಡುವ ಉಕ್ಕಿನ ಗುಂಡು ಇರ್ತಾವು. ಸ್ಕ್ರೂ ತಿರಗಿದಂಗ ಗುಂಡು ಉಳ್ಳಕೋತ ನಟ್ಟಿನ ಒಂದು ತುದಿಗೆ ಬಂದು, ಒಂದು ಸಣ್ಣ ದಾರಿಯೊಳಗ ಹಾದು ಮತ್ತ ಮೊದಲಿನ ಜಾಗಕ್ಕ ಹೋಗ್ತಾವು, ಎಲ್ಲವ್ವನ ಗುಡ್ಡದಾಗ ಪಾಳಿ ತಿರಗಿದಂಗ. ಜ್ವಾಳದ ಚೀಲಾ ಎಳದು ತರೋದಕ್ಕೂ, ಎಣ್ಣಿ ಪೀಪಾಯಿ ಉಳ್ಳಿಸಿಕೊಂಡು ತರೋದಕ್ಕೂ ಎಷ್ಟು ಫರಕು ನೋಡ್ರಿ, ಅಷ್ಟ ಫರಕು. ಹಳೇ ಸ್ಕ್ರೂದಾಗ ಹಾಕಿದ ಶಕ್ತಿಯೊಳಗ ಅರ್ಧಕ್ಕಿಂತ ಹೆಚ್ಚು ತಿಕ್ಕಾಟದಾಗ ಹೋಗ್ತೈತಿ, ಇದರಾಗ ನೂರಕ್ಕ ತೊಂಬತ್ತರ ತನಕ ಕೆಲಸಕ್ಕ ಬರ್ತೈತಿ. ಲಾರಿ, ಹಳೇ ಬಸ್ಸುಗಳ ಸ್ಟೇರಿಂಗ್ ಒಳಗೂ ಇಂಥಾ ಗುಂಡಿನ ನಟ್ಟ ಇರ್ತೈತಂತ. ಇಲ್ಲಾಂದ್ರ ಅಷ್ಟು ದೊಡ್ಡ ಗಾಲಿ ಡ್ರೈವರ್‌ಗ ಕೈಲೆ ತಿರುವಾಕ ಆಗ್ತಿರಲಿಲ್ಲ.

ನಮ್ಮದು 1605 ಅನ್ನೋ ನಮೂನಿ. 16 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ 5 ಮಿಲಿಮೀಟರ್ ಮುಂದ. ಸಿ7 ದರ್ಜೆ, ಅಂದ್ರ 300 ಮಿಲಿಮೀಟರ್ ಉದ್ದಕ್ಕ 0.05 ತನಕ ತಪ್ಪು ನಡೀತೈತಿ. ಅದಕ್ಕೂ ಚೊಲೋ ಸಿ5 ಬರ್ತೈತಿ, ರೇಟು ಕೇಳಿ ನಾವು ಫೋನ್ ಇಟ್ವಿ. 0.05 ಅಂದ್ರ ಎಷ್ಟು? ನಿಮ್ಮ ತಲಿದೊಂದು ಕೂದಲು ಕಿತ್ತು ನೋಡ್ರಿ, ಹೆಚ್ಚು ಕಡಿಮಿ ಅಷ್ಟ ದಪ್ಪ.

ಪಾರ್ಸಲ್ ಬಂದ ದಿನಾನ ಒಂದು ಅನಾಹುತ ಆತು. ಹುಡುಗನ ಗೆಳೆಯಾ ಒಬ್ಬ ನೋಡಾಕ ಬಂದಾವ, ನಟ್ಟ ಸುಮ್ಮನ ತಿರುವಿಕೋತ ತಿರುವಿಕೋತ ಸ್ಕ್ರೂದಿಂದ ಹೊರಗ ತಗದಬಿಟ್ಟ. ಒಳಗಿನ ಗುಂಡೆಲ್ಲಾ ಚಲ್ಲಾಪಿಲ್ಲಿ. ಈ ನಟ್ಟ ಹಂಗ ತಗಿಯಾಕ ಬರೂದಿಲ್ಲ. ಸ್ಕ್ರೂದ ಒಳದಪ್ಪದ್ದೊಂದು ಕೊಳವಿ ತುದಿಗೆ ಹಚ್ಚಿ, ನಟ್ಟನ್ನ ಅದರ ಮ್ಯಾಲೆ ಜಾರಿಸಬೇಕು, ಆಗ ಗುಂಡು ಬೀಳಾಂಗಿಲ್ಲ. ಎಂಟು ಗುಂಡು ಕೂಡಿದ್ರ ಒಂದಿಂಚು, ಅಷ್ಟು ಸಣ್ಣವು, ಸಾಬುದಾಣಿ ಕಾಳಿನಂಗ. ನಾನೂ ಮಗಳೂ ಹಳೇ ಸ್ಪೀಕರಿನ ಚುಂಬಕ ಹಿಡಕೊಂಡು ಶೆಡ್ಡ ತುಂಬ ಹುಡುಕಿದ್ವಿ. ಸಗಣಿ ಸಾರಿಸಿದ ನೆಲ ಆಗಿದ್ರ ಅರ್ಧ ಸಿಗ್ತಿರಲಿಲ್ಲ, ಶಹಾಬಾದಿ ಪರಸಿ ಇತ್ತು, ಪುಣ್ಯ. ಮಂಡಕ್ಕಿ ಪರಾತದಾಗ ಸೀಮಿಎಣ್ಣಿ ಹಾಕಿ ತೊಳದು, ಬಿಳಿ ಬಟ್ಟಿ ಮ್ಯಾಲೆ ಒಣಗಿಸಿ, ಗ್ರೀಸ್ ಹಚ್ಚಿ ಒಂದೊಂದ ಕುಂದರಸ್ಬೇಕಾತು. ಗ್ರೀಸ್ ಅಂಟು ಇರೋದಕ್ಕ ಗುಂಡು ಉದರಾಂಗಿಲ್ಲ. ಆ ಕೆಲಸ ನನ್ನ ಮಗಳು ಮಾಡಿದ್ಲು, ಮಣಿ ಪೋಣಿಸಿದ ಕೈ ಅಲ್ಲ? ಸಂಜೀಮುಂದ ನಟ್ಟ ಬೆಣ್ಣಿಯೊಳಗ ಚಾಕು ಇಳದಂಗ ತಿರಗಾಕತ್ತು.

ಆಮ್ಯಾಲಿನ ಕೆಲಸಾನ ಖರೇ ತ್ರಾಸಿಂದು. ಹೊಸಾ ನಟ್ಟಿನ ಮೈ 28 ಮಿಲಿಮೀಟರ್, ಅದರ ಅಂಚು 48. ಹಳೇ ನಟ್ಟಿನ ಜಾಗದಾಗ ಇದು ಹಿಡಿಯೂದಿಲ್ಲ. ಮೇಜಿನ ಕೆಳಗಿನ ಬೀಡಿನ ತುಂಡು ಬಿಚ್ಚಿ ಬೆಳಗಾವಿಗೆ ಒಯ್ದು ಜಾಗಾ ಕೆತ್ತಿಸ್ಕೊಂಡು ಬಂದ. ಹೋಗೂದು ನೂರು ಕಿಲೋಮೀಟರ್ ಹತ್ತಿರ, ಬರೂದು ಅಷ್ಟ, ಬಸ್ಸಿನ್ಯಾಗ ಬೀಡಿನ ತುಂಡಿಗೂ ಟಿಕೀಟು. ಬೀಡು ಭಾಳ ಕೆತ್ತಿದ್ರ ಬಲ ಹೋಗ್ತೈತಿ, ಕಡಿಮಿ ಕೆತ್ತಿದ್ರ ನಟ್ಟ ಹಿಡಿಯೂದಿಲ್ಲ.

ಸ್ಕ್ರೂಕ್ಕ ಎರಡು ತುದಿಗೂ ಬೇರಿಂಗಿನ ಗಟ್ಟಿ ಇರ್ತಾವು. ಮೋಟರಿನ ಕಡೆ ಇರೋದು ಬಿಕೆ12. ಅದರಾಗ ಎರಡು ಬೇರಿಂಗು ಜೋಡಿಯಾಗಿ ಕುಂತಿರ್ತಾವು, ಸ್ಕ್ರೂ ಹಿಂದ ಮುಂದ ಸರಿಯಾಕ ಬಿಡಾಂಗಿಲ್ಲ. ಇನ್ನೊಂದು ತುದಿಗೆ ಬಿಎಫ್12, ಅದು ಬರೇ ಆಸರಾ, ಉದ್ದಕ್ಕ ಹಿಡಿಯೂದಿಲ್ಲ. ಎರಡೂ ಕಡೆ ಯಾಕ ಬಿಗಿ ಹಿಡಿಬಾರದು? ಉಕ್ಕು ಕಾದ್ರ ಉದ್ದ ಆಗ್ತೈತಿ. ಒಂದು ಮೀಟರ್ ಉಕ್ಕು ಹತ್ತು ಡಿಗ್ರಿ ಕಾದ್ರ 0.1 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೀತೈತಿ. ನಮ್ಮ ಎಪ್ರಿಲ್ ಬಿಸಲಿಗೆ ಪತ್ರಾಸಿನ ಶೆಡ್ಡಿನ್ಯಾಗ ಹೇಳೋದ ಬ್ಯಾಡ. ಎರಡೂ ಕಡೆ ಹಿಡಿದ್ರ ಬೆಳಿಯಾಕ ಜಾಗಾ ಇಲ್ದ ಬಿಲ್ಲಿನಂಗ ಬಾಗತೈತಿ.

ಈಗ ಆ ಗಟ್ಟಿ, ನಡುವಿನ ನಟ್ಟು, ಈ ಗಟ್ಟಿ, ಮೂರೂ ಒಂದ ಗೆರಿ ಮ್ಯಾಲೆ ಬರಬೇಕು. ಬರೇ ಒಂದ ಗೆರಿ ಆದ್ರ ಸಾಲದು, ಆ ಗೆರಿ ಮೇಜು ಸರಿಯೋ ದಾರಿಗೆ ಸಮ ಇರಬೇಕು, ಎತ್ತರಕ್ಕೂ ಸಮ, ಅಡ್ಡಕ್ಕೂ ಸಮ. ಮೊದಲ ಅವಾ ಸ್ಕ್ರೂನ ಹಾಕಲಿಲ್ಲ. ಅದರ ಬದಲಿ ನೆಟ್ಟನ್ನ ಗ್ರೌಂಡ್ ರಾಡ್ ಎರಡೂ ಗಟ್ಟಿಯೊಳಗ ಹಾಕಿದ. ಸ್ಕ್ರೂದ ಮೈ ಹಳ್ಳ ತಿಟ್ಟ, ಮುಳ್ಳು ಹಳ್ಳದಾಗ ಬಿದ್ರ ಏನೂ ತಿಳಿಯೂದಿಲ್ಲ, ಅದಕ್ಕ. ಮೇಜಿಗೆ ಡಯಲ್ ಹಚ್ಚಿದ. ಡಯಲ್ ಅಂದ್ರ ಗಡಿಯಾರದಂಗ ಇರ್ತೈತಿ, ಒಂದು ಗೆರಿಗೆ 0.01 ಮಿಲಿಮೀಟರ್. ಅದರ ಕಡ್ಡಿ ರಾಡಿನ ಮ್ಯಾಲಿಟ್ಟು ಮೇಜು ಈ ತುದಿಯಿಂದ ಆ ತುದಿಗೆ ಸರಸೋದು, ಮುಳ್ಳು ಎಷ್ಟು ಅಲಗಾಡ್ತು ನೋಡೋದು. ಅವಾ ಮಷಿನ್ನಿನ ಕೆಳಗ ಪಾನಾ ಹಿಡಕೊಂಡು ಮಲಗಿರ್ತಿದ್ದ. ಮುಳ್ಳು ಓದಾವರು ಯಾರು? ನಾನ.

ಪಿಯುಸಿಯೊಳಗ ನಾ ಆರ್ಟ್ಸು. ಡಯಲ್ ಓದಾಕ ಅದು ಅಡ್ಡ ಬರಲಿಲ್ಲ. "ಅವ್ವಾ, ಈಗೆಷ್ಟು?" "ಹನ್ನೆರಡು ಗೆರಿ ಕೆಳಗ." "ಈಗ?" "ಹದಿನೆಂಟು." ಆ ತುದಿ 0.18 ಕೆಳಗಿತ್ತು. ಗಟ್ಟಿಯ ಬುಡಕ್ಕ ತೆಳ್ಳನ ಹಿತ್ತಾಳಿ ಹಾಳಿ ಕೊಡಬೇಕು, ಅದಕ್ಕ ಶಿಮ್ ಅಂತಾರ. ನಮ್ಮಲ್ಲಿ 0.05ದ್ದು, 0.03ದ್ದು ಇತ್ತು, 0.1ದ್ದು ಇರಲಿಲ್ಲ. ಕೋಲ್ಡ್ ಡ್ರಿಂಕ್ಸ್ ಡಬ್ಬಿಯ ತಗಡು ಹೆಚ್ಚು ಕಡಿಮಿ 0.1 ಬರ್ತೈತಿ. ಅಳದು ನೋಡಿ ಕತ್ತರಿಲೆ ಕತ್ತರಿಸಿ ಹಾಕಿದ್ವಿ. ಎತ್ತರ ಸರಿ ಆತು ಅನ್ನೂದ್ರಾಗ ಅಡ್ಡ ಸರೀತಿತ್ತು. ಅಡ್ಡ ಸರಿ ಮಾಡಿ ಬೋಲ್ಟ ಬಿಗದ್ರ ಬಿಗಿಯೋದರಾಗ ಮತ್ತ ಎರಡು ಗೆರಿ ಓಡತಿತ್ತು. ನಾಲ್ಕು ದಿನಾ ಸಂಜೀಕ ಇದ ಆತು ನಮ್ಮದು. ಅನ್ನ ಒಲಿ ಮ್ಯಾಲಿಟ್ಟು ಬಂದು ಎರಡು ಸಲ ಹೊತ್ತಿಸೀನಿ ಅಂತ ಮಗಳು ಈಗೂ ಅಂತಾಳ. ಒಂದ ಸಲ ಅದು. ಕಡೀಕ ಎರಡೂ ಕಡೆ ಎರಡ ಗೆರಿಯೊಳಗ ಬಂತು.

ರಾಡ್ ತಗದು ಸ್ಕ್ರೂ ಹಾಕಿದ. ನಟ್ಟನ್ನ ಅದರ ಮನಿಯೊಳಗ ಕೂಡ್ರಿಸಿ ಮೇಜಿಗೆ ಬಿಗದ. ಕೈಲೆ ತಿರುವಿದ. ನಡುವ ಎಷ್ಟು ಹಗುರ ಅಂದ್ರ ಒಂದ ಬಳ್ಳಿಲೆ ತಿರಗತಿತ್ತು. ಮೋಟರಿನ ತುದಿಗೆ ಬಂದಂಗ ಬಿಗಿ, ಭಾಳ ಬಿಗಿ. ಮೇಜಿನ ಜಾರುಪಟ್ಟಿ ಸಡ್ಲ ಮಾಡಿದ, ಹೋಗಲಿಲ್ಲ. ಬೇರಿಂಗಿನ ನಟ್ಟ ಸಡ್ಲ ಮಾಡಿದ, ಹೋಗಲಿಲ್ಲ. ಸ್ಕ್ರೂನ ಡೊಂಕ ಬಂದೈತಿ ಅಂದ, ಬಿಚ್ಚಿ ಉಳ್ಳಿಸಿ ನೋಡಿದ, ನೆಟ್ಟಗ ಇತ್ತು. ಮೂರನೇ ದಿನಾ ರಾತ್ರಿ ಅವಾ ಪಾನಾ ಒಗದು ಹೋಗಿ ಕಟ್ಟಿ ಮ್ಯಾಲೆ ಕುಂತ. ಚಾಕಣದ ಗೆಳೆಯನ ಜೋಡಿ ಫೋನಿನ್ಯಾಗ ಮಾತಾಡೋದು ನನ್ನ ಕಿವಿಗೆ ಬಿತ್ತು. ಅಲ್ಲಿ ಖೋಲಿ ಬಾಡಿಗಿ ಎಷ್ಟು ಅಂತ ಕೇಳಾಕತ್ತಿದ್ದ.

ಮರುದಿನಾ ಹೊತ್ತು ಹೊಂಡೂಕಿನ ಮೊದಲ ನಾ ಅಂಗಳಾ ಕಸಾ ಹೊಡಿಯಾಕ ಎದ್ರ ಶೆಡ್ಡಿನ್ಯಾಗ ಲೈಟ್ ಇತ್ತು. ನಮ್ಮ ಮನಿಯವರು ಒಬ್ರ ನಿಂತಿದ್ರು. ಎಡಗೈ ಅಂಗೈ ಪೂರಾ ಮೇಜಿನ ಮ್ಯಾಲಿಟ್ಟು, ಬಲಗೈಲೆ ಚಕ್ರ ನಿಧಾನ ತಿರುವಾಕತ್ತಿದ್ರು. ಕಿವಿ ಹೋದ ಮ್ಯಾಲೆ ಅವರು ಮಗ್ಗದ ರೋಗ ಕೈಲೆ ಹಿಡೀತಾರ, ನಿಮ್ಮ ಮನಿಯವರಿಗೂ ಗೊತ್ತೈತಿ, ಮಗ್ಗ ಕೆಟ್ಟಾಗ ಕರ್ಕೊಂಡು ಹೋಗ್ತೀರಲ್ಲ. ಹುಡುಗ ಎದ್ದು ಬಂದು ಬಾಗಲದಾಗ ನಿಂತ. ಇವರು ಹಿಂದ ನೋಡಲಾರದ ಹೇಳಿದ್ರು, "ಸ್ಕ್ರೂ ಡೊಂಕಿಲ್ಲ. ನಡುವ ಇದ್ದಾಗ ಸ್ಕ್ರೂ ಬಾಗಿ ಕೊಡ್ತೈತಿ, ಅದಕ್ಕ ಹಗುರ. ತುದಿಗೆ ಬಂದ್ರ ಬಾಗಾಕ ಉದ್ದ ಎಲ್ಲೈತಿ? ನಟ್ಟಿನ ಮನಿ ಕೆಳಗ ಕುಂತೈತಿ ನೋಡು. ಹಾಸಿನ ಬೀಮು ಒಂದು ಕಡೆ ಇಳದ್ರ ಅಂಚಿನ ಎಳಿ ಮೊದಲ ಹರಿಯೂದಿಲ್ಲೇನು, ನಡುವಿಂದು ಹರೀತೈತೇನು?"

ಅವಾ ರಾಡ್ ಹಾಕಿ ಎರಡು ಗಟ್ಟಿ ಸಮ ಮಾಡಿದ್ದ. ಮೂರನೇದ್ದು, ನಟ್ಟಿನ ಮನಿ, ಅದನ್ನ ಸುಮ್ಮನ ಬಿಗದಿದ್ದ. ಈಗ ಅದರ ಬೋಲ್ಟ ಸಡ್ಲ ಬಿಟ್ಟು, ಮೇಜನ್ನ ಬಿಕೆ12ರ ಹತ್ತಿರ, ಪೂರಾ ತುದಿಗೆ ತಂದ್ರು. ಅಲ್ಲಿ ಸ್ಕ್ರೂ ಬಾಗಾಂಗಿಲ್ಲ, ಹಂಗಾಗಿ ನಟ್ಟ ತನ್ನ ಖರೇ ಜಾಗಾ ತಾನ ಹುಡುಕಿಕೊಳ್ತೈತಿ. ಮನಿಗೂ ಮೇಜಿಗೂ ನಡುವ ಸಂದಿ ಬಿತ್ತು. ತೆಳ್ಳನ ಪಟ್ಟಿ ತುರುಕಿ ಅಳದ್ರು, 0.12. ಅಷ್ಟ ದಪ್ಪ ಶಿಮ್ ಕೊಟ್ಟು ಅಲ್ಲೇ ಬಿಗದ್ರು. ಆಮ್ಯಾಲೆ ಮೇಜನ್ನ ಆ ತುದಿಗೆ ಒಯ್ದು, ಬಿಎಫ್12ರ ಬೋಲ್ಟ ಸಡ್ಲ ಮಾಡಿ, ಅದಕ್ಕೂ ತನ್ನ ಜಾಗಾ ಹುಡುಕಾಕ ಬಿಟ್ಟು ಬಿಗದ್ರು. ಅಪ್ಪ ಚಕ್ರ ತಿರುವೋದು, ಮಗ ಪಾನಾ ಹಿಡಿಯೋದು. ಮಾತು ಹೆಚ್ಚೇನಿಲ್ಲ. "ಬಿಗಿ." "ಹ್ಞೂಂ." "ಸಾಕು." ನಾ ಚಹಾ ಇಟ್ಟು ಬಂದೆ.

ಅಂಗೈ ಮಾತು ನಂಬತೀನಿ, ಆದ್ರ ಅಳತಿ ಬೇಕು ಅಂದ ಹುಡುಗ. ಉಳ್ಳಾಗಡ್ಡಿ ತೂಗೋ ನನ್ನ ಸ್ಪ್ರಿಂಗ್ ಕಾಟಾ ಚಕ್ರದ ಹಿಡಿಕಿಗೆ ಸಿಗಸಿ ಜಗ್ಗಿ ನೋಡು ಅಂದೆ ನಾ. ಹಿಂದಿನ ದಿನಾ ತುದಿಯೊಳಗ ಎಷ್ಟಿತ್ತು ಅಂತ ತಿಳಿಯಾಕ ಶಿಮ್ ತಗದು ಮತ್ತೊಮ್ಮೆ ಬಿಗದು ಜಗ್ಗಿದ್ವಿ: ನಡುವ 400 ಗ್ರಾಂ, ತುದಿಗೆ ಒಂದೂವರಿ ಕಿಲೋ. ಶಿಮ್ ಹಾಕಿದ ಮ್ಯಾಲೆ ಈ ತುದಿಯಿಂದ ಆ ತುದಿ ತನಕ 400, 450. ಹಿಂಗ ಬಿಗಿ ಇಟ್ಕೊಂಡ ಮೋಟರ್ ಹಚ್ಚಿದ್ರ ಏನಾಗ್ತಿತ್ತು? ಮೋಟರು ಹೆಜ್ಜಿ ತಪ್ಪತಿತ್ತು, ಕಂಪ್ಯೂಟರಿಗೆ ಗೊತ್ತಾಗ್ತಿರಲಿಲ್ಲ, ಗುಂಡಿನ ಹಾದಿ ಒಂದ ಕಡೆ ತಿಂದು ಆರ ತಿಂಗಳಿಗೆ ಸ್ಕ್ರೂ ಗುಜರಿಗೆ. ನಮ್ಮ ಮೋಟರಿಗೆ ಒಂದು ಸುತ್ತಿಗೆ 200 ಹೆಜ್ಜಿ, ಡ್ರೈವರ್ ಅದನ್ನ ಒಂದಕ್ಕ ಎಂಟು ಮಾಡ್ತೈತಿ, ಒಟ್ಟು 1600. ಒಂದು ಸುತ್ತಿಗೆ 5 ಮಿಲಿಮೀಟರ್ ಅಂದ್ರ ಒಂದು ಮಿಲಿಮೀಟರಿಗೆ 320 ಹೆಜ್ಜಿ. ಅದರಾಗ ಹತ್ತು ತಪ್ಪಿದ್ರೂ ತೂತು ಡೊಂಕ.

ಬ್ಯಾಕ್‌ಲ್ಯಾಶ್ ಮತ್ತ ಅಳದ್ವಿ. 0.4 ಇದ್ದದ್ದು 0.05ಕ್ಕ ಬಂದಿತ್ತು. ಹುಡುಗಗ ಸಮಾಧಾನ ಇಲ್ಲ. ಬಿಕೆ12ರ ತುದಿ ನಟ್ಟ ಸ್ವಲ್ಪ ಸಡ್ಲ ಇತ್ತು, ಅದನ್ನ ಬಿಗದ್ರ 0.02. ಉಳಿದದ್ದನ್ನ ಸಾಫ್ಟ್‌ವೇರ್ ಒಳಗ ಬರದು ತುಂಬಿಸಿಕೊಡಾಕ ಬರ್ತೈತಂತ. ಹಂಗಾರ 0.4ನ್ನೂ ಅದರಾಗ ಬರೀಬಹುದಿತ್ತಲ್ಲ ಅಂದೆ. ಕತ್ತರಿ ಮೇಜನ್ನ ಜಗ್ಗೋ ಹೊತ್ತಿಗೆ ಬರದದ್ದು ಹಿಡಿಯೂದಿಲ್ಲವ್ವಾ ಅಂದ. ಲೆಕ್ಕದ ಪುಸ್ತಕದಾಗ ಕಂತು ತುಂಬಿದಂಗ ಬರದ್ರ ಬ್ಯಾಂಕಿಗೆ ರೊಕ್ಕ ಮುಟ್ಟತೈತೇನು ಅನ್ನೋ ಹಂಗ ನನಗ ತಿಳೀತು.

ಎರಡು ಸ್ಕ್ರೂದ ಕತಿ ಇದು. ಎರಡನೇದ್ದು ಒಂದೂವರಿ ದಿನದಾಗ ಮುಗೀತು, ಹೇಳೂವಂಥಾದ್ದು ಏನಿಲ್ಲ. ಮೂರನೇದ್ದು, ಮ್ಯಾಲಿನ ತಲಿ ಏರಸಿ ಇಳಸೋದು, ಅದು ನಮಗ ಪಾಠ ಕಲಿಸ್ತು. ಹಳೇ ಸ್ಕ್ರೂ ತಿಕ್ಕಾಟದ್ದು, ಅದಕ್ಕ ಬಿಟ್ಟಲ್ಲೇ ನಿಲ್ಲತೈತಿ. ಬಾಲ್ ಸ್ಕ್ರೂ ಹಗುರ, ಭಾರ ಬಿದ್ರ ತಾನ ತಿರಗತೈತಿ. ಮೋಟರಿನ್ಯಾಗ ಕರೆಂಟ್ ಇರೋ ತನಕ ಹಿಡಿದಿರ್ತೈತಿ. ಶ್ರಾವಣದಾಗ ಒಂದಿನ ಮಳಿ ಗಾಳಿಗೆ ಕರೆಂಟ್ ಹೋತು, 22 ಕಿಲೋ ತಲಿ ಸರ್ರ ಅಂತ ಇಳೀತು. ಕೆಳಗ ಹುಡುಗ ಕಟ್ಟಿದ ತುಂಡು ಬಿಚ್ಚಾಕತ್ತಿದ್ದ. ಕತ್ತರಿ ಶಿಕಂಜಿಗೆ ಬಡದು ಮುರೀತು. ಅವನ ಕೈ ಒಂದು ಗೇಣು ಈಚೆ ಇತ್ತು. ನಾ ಅವತ್ತು ಎಲ್ಲವ್ವಗ ಹಣ್ಣುಕಾಯಿ ಬೇಡಿಕೊಂಡೆ, ಮತ್ತ ಇದಕ್ಕೊಂದು ದಾರಿ ಆಗೋ ತನಕ ಶೆಡ್ಡಿನ ಮೇನ್ ಸ್ವಿಚ್ ಹಾಕಗೊಡೂದಿಲ್ಲ ಅಂತ ಕೀಲಿ ಸೆರಗಿಗೆ ಕಟ್ಕೊಂಡೆ. ಎರಡು ದಿನಾ ಅಪ್ಪ ಮಗ ಇಬ್ರೂ ನನ್ನ ಹಿಂದ ತಿರಗಿದ್ರು.

ದಾರಿ ನಮ್ಮ ಮನಿಯವರ ಹುಡುಕಿದ್ರು. ಪಾವರ್‌ಲೂಮಿನ ಹಿಂದಿನ ಬೀಮಿಗೆ ಹಾಸು ಬಿಗಿ ಇರಲಿ ಅಂತ ಸರಪಳಿ ಕಟ್ಟಿ ಕಬ್ಬಿಣದ ಭಾರ ತೂಗಿ ಬಿಟ್ಟಿರ್ತಾರಲ್ಲ, ಮಾರಿದ ಎರಡು ಮಗ್ಗದ ಆ ಭಾರಗೋಳು ಅಟ್ಟದ ಮ್ಯಾಲೆ ಇದ್ವು. ಗುಜರಿಯವಗ ಕೊಟ್ಟಿರಲಿಲ್ಲ, ಯಾಕ ಕೊಟ್ಟಿರಲಿಲ್ಲ ಅಂತ ನಾ ಕೇಳೂದಿಲ್ಲ. ಐದೈದು ಕಿಲೋದ ನಾಲ್ಕು. ಮಷಿನ್ನಿನ ಹಿಂದ ಎರಡು ಗಾಲಿ ಹಚ್ಚಿ, ಸರಪಳಿ ಹಾಯಿಸಿ, ಒಂದು ಕಡೆ ತಲಿ, ಇನ್ನೊಂದು ಕಡೆ ಮಗ್ಗದ ಭಾರ. ಬಾವಿ ಗಡಗಡಿ ಲೆಕ್ಕ. ಈಗ ಸ್ಕ್ರೂ ಮ್ಯಾಲೆ ಉಳಿಯೋದು ಎರಡ ಕಿಲೋ. ಕರೆಂಟ್ ಹೋದ್ರ ತಲಿ ನಿಂತಲ್ಲೇ ನಿಲ್ಲತೈತಿ. ನಾನ ಐದು ಸಲ ಸ್ವಿಚ್ ತಗದು ನೋಡಿ ಆಮ್ಯಾಲೆ ಕೀಲಿ ಕೊಟ್ಟೆ. ಬ್ರೇಕ್ ಇರೋ ಮೋಟರೂ ಬರ್ತೈತಿ, ರೊಕ್ಕ ಕೂಡಿದ ಮ್ಯಾಲೆ ಅದನ್ನೂ ಹಾಕಸಬೇಕು ಅಂತ ಹೇಳೀನಿ. ಸರಪಳಿ ಅಂದ್ರ ಸರಪಳಿನ, ಒಂದಿನ ಹರೀಬಹುದು.

ರೊಕ್ಕದ ಲೆಕ್ಕಾ ಹೇಳಿಬಿಡ್ತೀನಿ. ಮಷಿನ್ನು ಮಗ್ಗದ ರೊಕ್ಕ, ಹುಡುಗನ ಉಳಿತಾಯದಾಗ ಬಂತು. ನಿಮ್ಮ 50 ಸಾವಿರದಾಗ 24 ಸಾವಿರ ಮೂರು ಸ್ಕ್ರೂ, ಅದರ ಬೇರಿಂಗಿನ ಗಟ್ಟಿ, ತುದಿ ಕಡಿಸಿದ್ದು ಎಲ್ಲಾ ಸೇರಿ. ಉಳಿದದ್ದು ಮೋಟರು, ಡ್ರೈವರು, ಬೋರ್ಡು. ಕಂಪ್ಯೂಟರ್ ಹಳೇದು, ಸಾಫ್ಟ್‌ವೇರ್ ಪುಕ್ಕಟ ಸಿಗೋ ಲಿನಕ್ಸ್‌ಸಿಎನ್‌ಸಿ. ಕಂತು ತಿಂಗಳಿಗೆ 2,400. ಗೃಹಲಕ್ಷ್ಮಿ 2,000 ಬಂದ ತಿಂಗಳು ಅದಕ್ಕ 400 ಹಾಕಿ ತುಂಬೀನಿ, ಬರಲಾರದ ತಿಂಗಳು ಕುಬಸಾ ಹೊಲದ ರೊಕ್ಕದಾಗ ತುಂಬೀನಿ. ಪಾಸ್ ಬುಕ್ ಯಾರ್ ಬೇಕಾದ್ರೂ ನೋಡ್ರಿ.

ಕೆಲಸ ಶುರುವಾಗೇತಿ. ಬನಹಟ್ಟಿಯ ಮಗ್ಗದ ಸಾಮಾನಿನ ವ್ಯಾಪಾರಿ ಒಬ್ಬರು ನೈಲಾನಿನ 60 ತುಂಡು ಮಾದರಿಗೆ ಕೇಳಿದ್ರು, ದಸರಾದೊಳಗ. ತೂತಿನ ಅಳತಿ 0.05ರೊಳಗ ಬರಬೇಕು ಅಂದಿದ್ರು. 58 ಒಪ್ಪಿಕೊಂಡ್ರು, ಎರಡು ವಾಪಸ್ ಬಂದ್ವು. ಆ ಎರಡನ್ನ ನಮ್ಮ ಮನಿಯವರು ನಮ್ಮದ ಮಗ್ಗಕ್ಕ ಹಾಕ್ಯಾರ, ನಡದಾವು. ಮುಂದಿನ ಆರ್ಡರ್ 300 ಅಂತ ಬಾಯಿಮಾತು ಆಗೇತಿ, ಮುಂಗಡ ಇನ್ನೂ ಬಂದಿಲ್ಲ. ಚಾಕಣದ ಮಾತು ನಿಂತೈತಿ ಅಂತ ನಾ ಹೇಳೂದಿಲ್ಲ. ವರ್ಷ ಅಂದಿದ್ದ, ವರ್ಷ ಸಂಕ್ರಮಣಕ್ಕ ಮುಗೀತೈತಿ. ಆದ್ರ ಖೋಲಿ ಬಾಡಿಗಿ ಕೇಳೋ ಫೋನು ಆ ಮ್ಯಾಲೆ ಬಂದಿಲ್ಲ.

ಈಗ ನನ್ನ ಪಾಲಿನ ಕೆಲಸ ಉಳದೈತಿ. ಬಾಲ್ ಸ್ಕ್ರೂಕ್ಕ ಕಬ್ಬಿಣದ ಪುಡಿ, ನೈಲಾನ್ ಚೂರು ವಿಷ ಇದ್ದಂಗ. ಗುಂಡಿನ ಹಾದಿಯೊಳಗ ಒಂದು ಚೂರು ಹೊಕ್ರ ಅಷ್ಟ. ಅದಕ್ಕ ಮಡಚಿ ತಗಿಯೋ ಮುಚ್ಚಳಿಕಿ ಬೇಕು, ಹಾರ್ಮೋನಿಯಮ್ ಪೆಟ್ಟಿಗಿಯ ಗಾಳಿಚೀಲ ಇರ್ತೈತಲ್ಲ ಹಂಗ. ಅಂಗಡ್ಯಾಗ ಅದರ ರೇಟು ಕೇಳಿ ನಾ ಹೊಲೀತೀನಿ ಬಿಡು ಅಂದೆ. ರೆಗ್ಝಿನ್ ತಗೊಂಡು, ಒಂದೊಂದು ಮಡಿಕಿಯೊಳಗ ತೆಳ್ಳನ ಪ್ಲಾಸ್ಟಿಕ್ ಹಾಳಿ ಇಟ್ಟು ಹೊಲದೀನಿ. ಎರಡು ಆಗ್ಯಾವು, ಚೊಲೋ ಮಡಚತಾವು. ಮೂರನೇದ್ದಕ್ಕ, ಆ ಮ್ಯಾಲಿನ ತಲಿದಕ್ಕ, ಮಡಿಕಿ ಇನ್ನೂ ಸಣ್ಣ ಹಿಡಿಬೇಕು, ನನ್ನ ಮಷಿನ್ನಿನ 16 ನಂಬರ್ ಸೂಜಿ ರೆಗ್ಝಿನ್‌ಗೆ ಮುರೀತೈತಿ. ಯಾರ ಹತ್ತಿರಾದ್ರೂ 18 ನಂಬರ್ ಸೂಜಿ ಇದ್ರ ಎರಡು ದಿನದ ಮಟ್ಟಿಗೆ ಕೊಡ್ರಿ.